ಬೆನ್ನಿಗೆ ಪರಂಗಿ ಹಣ್ಣು

ನೀವು ಇದನ್ನು ಮಲಗಿಕೊಂಡು ಓದುತ್ತಿದ್ದರೆ ಬಹಳ ಒಳ್ಳೆಯದು. ಕೂತು ಓದುತ್ತಿದ್ದರೆ ಒಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ ಬನ್ನಿ, ನಾನು ಇಲ್ಲೇ ಇರುತ್ತೇನೆ. ಆರು ತಿಂಗಳು ಹಲಗೆಯ ಮೇಲೆ ಮಲಗಿ ಸೂರು ನೋಡಿದವನಿಗೆ ಕಾಯುವುದು ಒಂದು ಕೆಲಸವೇ ಅಲ್ಲ.

ನಾನು ಮಿಮಿಕ್ರಿ ಮಾಡುವವನು. ಹೊಟ್ಟೆಪಾಡಿಗಲ್ಲ, ಚಟಕ್ಕೆ. ಹೊಟ್ಟೆಪಾಡಿಗೆ ಬಾಂಬೆಯ ಫೋರ್ಟ್‌ನ ಒಂದು ಹಡಗಿನ ಏಜೆನ್ಸಿಯಲ್ಲಿ ಟೆಲೆಕ್ಸ್ ಆಪರೇಟರ್. ದಿನವಿಡೀ ಕುರ್ಚಿಯಲ್ಲಿ ಬಾಗಿ ಕೂತು, ಎಂದೂ ಮುಖ ನೋಡದ ಜನರಿಗೆ ಹಡಗು ಎಲ್ಲಿದೆ ಎಂದು ತಿಳಿಸುವುದು ನನ್ನ ಕೆಲಸ. ಉಳಿದ ಹೊತ್ತು ಮ್ಯಾನೇಜರು ಕೆಮ್ಮುವ ರೀತಿ, ಲಿಫ್ಟಿನವನು ಗೊಣಗುವ ರೀತಿ, ಅಪ್ಪ ಪೇಪರ್ ಮಡಿಸುತ್ತ ನಿಟ್ಟುಸಿರು ಬಿಡುವ ರೀತಿ, ಎಲ್ಲವನ್ನೂ ಕದ್ದು ತಂದು ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನವರಿಗೆ ಹಂಚುತ್ತಿದ್ದೆ. ನಾನು ಮಾಡದ ಧ್ವನಿ ನಮ್ಮ ಮೂರು ಮಹಡಿಗಳಲ್ಲಿ ಒಂದೂ ಇರಲಿಲ್ಲ.

ಎಂಬತ್ತರ ದಶಕದ ನಡುವಿನ ಒಂದು ಗಣೇಶೋತ್ಸವ. ನನಗೆ ಇಪ್ಪತ್ನಾಲ್ಕು. ಬಿಲ್ಡಿಂಗಿನ ಅಂಗಳದ ವೇದಿಕೆಯ ಮೇಲೆ ನನ್ನ ಹೊಸ ಐಟಂ: ಬೆಳಗಿನ ಚರ್ಚ್‌ಗೇಟ್ ಫಾಸ್ಟ್. ರೈಲೂ ನಾನೇ, ಡಬ್ಬಿಯ ಎಂಬತ್ತು ಜನವೂ ನಾನೇ. ಮೀನಿನ ಬುಟ್ಟಿ ತಲೆಗೇರಿಸುವ ಹೆಂಗಸಿನ ಪಾತ್ರ ಬಂತು. ಇಲ್ಲದ ಬುಟ್ಟಿಯನ್ನು ಎತ್ತಲು ಬಾಗಿದೆ. ಬೆನ್ನಿನೊಳಗೆ ಯಾರೋ ಹಪ್ಪಳ ಮುರಿದ ಹಾಗಾಯಿತು. ನೆಲಕ್ಕೆ ಬಿದ್ದು, ಎಡಗಾಲು ಹಿಡಿದುಕೊಂಡು ಕೂಗಿದೆ.

ಜನ ಎದ್ದು ಚಪ್ಪಾಳೆ ತಟ್ಟಿದರು. ಎದುರು ಮನೆಯ ಕುಸುಮಕ್ಕ, ಉಡುಪಿ ಕಡೆಯವರು, ನನ್ನ ಖಾಯಂ ಅಭಿಮಾನಿ, "ಒನ್ಸ್ ಮೋರ್" ಅಂದರು. ನಾನು ಮತ್ತೆ ಕೂಗಿದೆ. ಅವರು ಮತ್ತೆ ಚಪ್ಪಾಳೆ ತಟ್ಟಿದರು. ಇಷ್ಟು ಚೆನ್ನಾಗಿ ನಾನು ಆಮೇಲೆ ಎಂದೂ ನಟಿಸಿಲ್ಲ.

ನಾಲ್ಕು ಜನ ಎತ್ತಿ ತಂದು ಮನೆಯಲ್ಲಿ ಮಲಗಿಸಿದ ಮೇಲೂ ಅಮ್ಮನಿಗೆ ಅನುಮಾನ.

"ಯಾರದೋ ಈ ನರಳಾಟ? ಕೆಳಗಿನ ಮನೆ ಕಾಮತರದ್ದಾ?"

"ನಂದೇ ಅಮ್ಮ."

"ಸುಮ್ನಿರು. ನೀನು ಹೀಗೆ ನರಳಲ್ಲ."

ಹೀಗೆ ನನ್ನ ಕಾಯಿಲೆಯ ಮೊದಲ ವಾರ, ನೋವು ನನ್ನದೇ ಎಂದು ಸಾಬೀತು ಮಾಡುವುದರಲ್ಲಿ ಕಳೆಯಿತು.

ಆಮೇಲಿನದು ಬೆನ್ನುನೋವಿನವರಿಗೆಲ್ಲ ಗೊತ್ತಿರುವ ಕಥೆ. ಹಾಸಿಗೆಯ ಕೆಳಗೆ ಪ್ಲೈವುಡ್ ಹಲಗೆ ಬಂತು. ಸೊಂಟಕ್ಕೆ ಪಟ್ಟಿ ಬಂತು. ಕಾಲಿಗೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಇಟ್ಟಿಗೆ ಕಟ್ಟಿ ಎಳೆಸಿದರು. ನಮ್ಮ ಅಪ್ಪ ಬಂದರಿನ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್, ಇಟ್ಟಿಗೆ ಸರಿಯಾಗಿ ತೂಗುತ್ತಿದೆಯೇ ಎಂದು ದಿನಾ ಬೆಳಿಗ್ಗೆ ಸ್ಕೇಲ್ ಹಿಡಿದು ನೋಡುತ್ತಿದ್ದರು. ನೋಡಲು ಬಂದವರೆಲ್ಲ ಒಂದೊಂದು ಎಣ್ಣೆಯ ಹೆಸರು ಹೇಳಿ, ಚಹಾ ಕುಡಿದು, ಹೋಗುವಾಗ "ಆ ಕಾಮತರ ಧ್ವನಿ ಒಂದು ಸಲ ಮಾಡಪ್ಪ" ಅನ್ನುತ್ತಿದ್ದರು. ನಾನೂ ಮಾಡುತ್ತಿದ್ದೆ. ಮಾಡಿದರೆ ಜನ ಕಾಲಿನ ವಿಷಯ ಕೇಳುವುದಿಲ್ಲ ಎಂಬುದು ನನಗೆ ಬೇಗ ತಿಳಿಯಿತು.

ಕಾಲಿನ ವಿಷಯ ಹೀಗಿತ್ತು. ಸೊಂಟದಿಂದ ಎಡ ಹೆಬ್ಬೆರಳಿನ ತನಕ ಒಂದು ತಂತಿ. ಕೆಮ್ಮಿದರೆ ತಂತಿಯಲ್ಲಿ ಕರೆಂಟು. ಸೀನು ಬಂದರೆ ದೇವರೇ ಗತಿ. ಅದಾದರೂ ಸಹಿಸಬಹುದಿತ್ತು. ಒಂದು ದಿನ ಅಂಗಳದಲ್ಲಿ ಮೆಲ್ಲಗೆ ನಡೆಯುವಾಗ ಎಡಗಾಲಿನ ಚಪ್ಪಲಿ ಎಲ್ಲೋ ಉದುರಿಹೋಗಿದ್ದು ನನಗೆ ತಿಳಿಯಲೇ ಇಲ್ಲ. ಹಿಂದಿನಿಂದ ಅಪ್ಪ ಅದನ್ನು ಎತ್ತಿಕೊಂಡು ಬಂದರು. ಹೆಬ್ಬೆರಳನ್ನು ಮೇಲೆತ್ತು ಎಂದರು. ಎತ್ತಲು ನೋಡಿದೆ. ಅದು ಏಳಲಿಲ್ಲ. ನನ್ನದೇ ಬೆರಳು, ನನ್ನ ಮಾತು ಕೇಳದೆ ಸುಮ್ಮನೆ ಮಲಗಿತ್ತು.

ಮರುದಿನವೇ ಪರೇಲಿನ ಆಸ್ಪತ್ರೆ.

ಅಲ್ಲಿನ ಮೂಳೆ ವಿಭಾಗದ ಹೊರಗೆ ಮರದ ಬೆಂಚುಗಳಿದ್ದವು. ಕೂರಲಾಗದವರು ಬರುವ ಜಾಗದಲ್ಲಿ ಬರೀ ಕೂರುವ ಬೆಂಚು ಹಾಕಿದವನ ಬುದ್ಧಿಗೆ ನಮಸ್ಕಾರ. ನಾವೆಲ್ಲ ಗೋಡೆಗೆ ಒರಗಿ ನಿಂತಿರುತ್ತಿದ್ದೆವು, ಬೆಂಚಿನ ಮೇಲೆ ನಮ್ಮ ಜೊತೆ ಬಂದವರು ಆರಾಮವಾಗಿ ಕೂತಿರುತ್ತಿದ್ದರು. ನಮ್ಮ ಡಾಕ್ಟರು ಮರಾಠಿಯವರು, ಐವತ್ತರ ಸುಮಾರು, ಸಣ್ಣ ಧ್ವನಿ. ಏನು ಕೇಳಿದರೂ "ಬಘೂಯಾ", ಅಂದರೆ ನೋಡೋಣ. ಗುಣವಾಗುತ್ತಾ ಡಾಕ್ಟರ್? ಬಘೂಯಾ. ಆಪರೇಷನ್ ಬೇಕಾ? ಬಘೂಯಾ. ಎರಡನೆಯ ಸಲ ಹೋಗುವಷ್ಟರಲ್ಲಿ ಅವರ ಬಘೂಯಾ ನನ್ನ ಗಂಟಲಿನಲ್ಲಿ ಸರಿಯಾಗಿ ಕೂತಿತ್ತು. ಮನೆಯಲ್ಲಿ ಅಮ್ಮ ಊಟಕ್ಕೇನು ಮಾಡಲಿ ಎಂದರೆ ಅದೇ ಧ್ವನಿಯಲ್ಲಿ ಬಘೂಯಾ ಅನ್ನುತ್ತಿದ್ದೆ.

ಬೆನ್ನಿಗೆ ಬಣ್ಣದ ನೀರು ಬಿಟ್ಟು ತೆಗೆದ ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು ಅವರು ತೋರಿಸಿದರು. ಎರಡು ಮೂಳೆಗಳ ನಡುವೆ ಡಿಸ್ಕ್ ಎನ್ನುವ ಒಂದು ಮೆತ್ತೆ, ಮೆತ್ತೆಯೊಳಗೆ ಜೆಲ್ಲಿ. ನನ್ನ ಜೆಲ್ಲಿ ಮೆತ್ತೆ ಹರಿದು ಹೊರಗೆ ಬಂದು ನರದ ಮೇಲೆ ಕೂತಿತ್ತು. ಇರಾನಿ ಬೇಕರಿಯ ಕ್ರೀಮ್ ಬನ್ನನ್ನು ಜೋರಾಗಿ ಒತ್ತಿದರೆ ಆಗುತ್ತದಲ್ಲ, ಹಾಗೆ.

"ಬೆನ್ನು ತೆರೆದು ತೆಗೆಯಬಹುದು. ಹೆಬ್ಬೆರಳು ಇನ್ನೂ ಸೋತರೆ ತೆರೆಯಲೇಬೇಕು," ಎಂದರು.

ಅಮ್ಮ ಅಪ್ಪನ ತೋಳು ಹಿಡಿದುಕೊಂಡರು. ಮೈಸೂರಿನ ನಮ್ಮ ದೊಡ್ಡ ಮಾವ ಬೆನ್ನಿನ ಆಪರೇಷನ್ ಮಾಡಿಸಿಕೊಂಡವರು ಮತ್ತೆ ಕಾಲೂರಿ ನಡೆಯಲಿಲ್ಲ. ನಮ್ಮ ಮನೆಯಲ್ಲಿ ಆ ಶಬ್ದವನ್ನು ಯಾರೂ ಜೋರಾಗಿ ಆಡುತ್ತಿರಲಿಲ್ಲ.

"ಬೇರೆ ದಾರಿ ಇಲ್ವಾ ಡಾಕ್ಟರ್?" ಅಪ್ಪ ಕೇಳಿದರು.

ಬಘೂಯಾ ಎನ್ನುವರೆಂದು ನಾನು ಕಾಯುತ್ತಿದ್ದೆ. ಅವರು ಅನ್ನಲಿಲ್ಲ. ಪರದೇಶದಲ್ಲಿ ಒಂದು ಹೊಸ ಇಂಜೆಕ್ಷನ್ ಬಂದಿದೆ, ನೇರವಾಗಿ ಡಿಸ್ಕಿನೊಳಗೆ ಕೊಡುವುದು, ಅದು ಜೆಲ್ಲಿಯನ್ನು ಕರಗಿಸುತ್ತದೆ, ನರದ ಮೇಲಿನ ಭಾರ ಇಳಿಯುತ್ತದೆ, ಕತ್ತಿ ಬೇಡ ಎಂದರು. ಅದನ್ನು ಅವರು ಅಲ್ಲಿಯೇ ಕಲಿತು ಬಂದಿದ್ದರು, ಇಲ್ಲಿ ಕೆಲವರಿಗೆ ಕೊಟ್ಟಿದ್ದರು. ಔಷಧಿ ತರಿಸಲು ಮೂರು ವಾರ ಬೇಕು.

"ಯಾವುದರಿಂದ ಮಾಡಿದ್ದು?" ಅಪ್ಪನಿಗೆ ಎಲ್ಲದರ ನಕ್ಷೆ ಬೇಕು.

"ಪಪೀತೆಯ ಹಾಲಿನಿಂದ. ನಿನಗೆ ಪಪೀತಾ ಆಗಿಬರುತ್ತದಲ್ಲ?"

"ಅಪರೂಪಕ್ಕೆ ತಿಂದಿದ್ದೇನೆ, ಏನೂ ಆಗಿಲ್ಲ," ಎಂದೆ. ಮತ್ತೆ ಬಾಯಿ ತಡೆಯದೆ ಕೇಳಿದೆ, "ಜೆಲ್ಲಿ ಕರಗಿಸಿದ ಮೇಲೆ ಹೊಸ ಜೆಲ್ಲಿ ತುಂಬುತ್ತೀರಾ ಡಾಕ್ಟರ್?"

ಅವರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. "ಒಳ್ಳೆಯ ಪ್ರಶ್ನೆ. ಅದು ಇನ್ನೂ ಯಾರಿಗೂ ಬರುವುದಿಲ್ಲ. ಬಘೂಯಾ."

ಲೋಕಲ್‌ನಲ್ಲಿ ಬಾಗಿಲ ಬಳಿ ಕಂಬ ಹಿಡಿದು ನಿಂತು ಮನೆಗೆ ಬರುವಾಗ ನನಗೆ ನೋವೇ ಮರೆತುಹೋಗಿತ್ತು. ಬೆನ್ನಿಗೆ ಹಣ್ಣಿನ ಇಂಜೆಕ್ಷನ್. ಇಡೀ ಬಿಲ್ಡಿಂಗಿನಲ್ಲಿ ಯಾರಿಗೂ ಆಗದ್ದು ನನಗೆ ಆಗುತ್ತಿತ್ತು.

ನಮ್ಮ ಸುದ್ದಿ ಅಮ್ಮನಿಂದ ಕುಸುಮಕ್ಕನಿಗೆ ಹೋಗಲು ಒಂದು ಮೆಟ್ಟಿಲ ಅಂತರ. ಅಮ್ಮನಿಗೆ ಅದು ಪರಂಗಿ ಹಣ್ಣು, ಉಷ್ಣ, ಆದ್ದರಿಂದ ನಮ್ಮ ಮನೆಗೆ ಅಷ್ಟಾಗಿ ಬರುತ್ತಿರಲಿಲ್ಲ. ಕುಸುಮಕ್ಕನಿಗೆ ಅದು ಪಪ್ಪಾಯಿ, ಅವರ ಅಡುಗೆಮನೆಯಲ್ಲಿ ಅದಕ್ಕೆ ನೂರು ಅವತಾರ.

"ನೋಡಿ ಅಮ್ಮ," ಕುಸುಮಕ್ಕ ನನ್ನ ಹಲಗೆಯ ಪಕ್ಕದಲ್ಲೇ ಕೂತು ಹೇಳಿದರು, "ಒಮ್ಮೆಲೇ ಬೆನ್ನಿಗೆ ಹಾಕಿದರೆ ಮೈಗೆ ಗಾಬರಿ ಆಗುದಿಲ್ವಾ? ಗುರ್ತ ಇಲ್ಲದವರು ರಾತ್ರಿ ಬಾಗಿಲು ತಟ್ಟಿದ ಹಾಗೆ. ಈಗಿಂದಲೇ ಸ್ವಲ್ಪ ಸ್ವಲ್ಪ ಗುರ್ತ ಮಾಡಿಸುದು ಒಳ್ಳೇದು ಅಲ್ವಾ?"

"ಅದೂ ಸರಿಯೇ," ಅಂದರು ಅಮ್ಮ.

ಅಂದಿನಿಂದ ಮೂರು ವಾರ ನಾನು ತಿಂದದ್ದನ್ನು ಕೇಳಿ. ಬೆಳಿಗ್ಗೆ ಹಣ್ಣು. ಮಧ್ಯಾಹ್ನ ಕಾಯಿಯ ಪಲ್ಯ, ಕಾಯಿಯದೇ ಮಜ್ಜಿಗೆ ಹುಳಿ. ಸಂಜೆ ಹಲ್ವ. ಕುಸುಮಕ್ಕ ಒಂದು ದಿನ ಎಲೆ ಜಜ್ಜಿ ರಸ ಹಿಂಡಿ ತಂದರು, ಅದು ಕುಡಿದ ಮೇಲೆ ಆಪರೇಷನ್ನೇ ವಾಸಿ ಅನ್ನಿಸಿತು.

"ಕಹಿ ಅಲ್ವಾ ಮಾರಾಯ?"

"ಇಲ್ಲ ಕುಸುಮಕ್ಕ. ನಿಮ್ಮ ಮಾತಿಗಿಂತ ಸ್ವಲ್ಪ ಸಿಹಿ."

"ಎಂತ ಬಾಯಿ ನಿಂದು. ಆ ಇಂಜೆಕ್ಷನ್ ಬಾಯಿಗೆ ಕೊಡ್ಲಿಕ್ಕೆ ಹೇಳ್ಬೇಕು ಡಾಕ್ಟರಿಗೆ."

ನಾನು ತಮಾಷೆ ಮಾಡಿಕೊಂಡೇ ಎಲ್ಲವನ್ನೂ ತಿಂದೆ. ಡಾಕ್ಟರನ್ನು ಒಂದು ಮಾತು ಕೇಳೋಣ ಎಂದು ನಮ್ಮ ಮೂವರಿಗೂ ಹೊಳೆಯಲಿಲ್ಲ. ಹಣ್ಣು ತಿನ್ನುವುದಕ್ಕೆ ಯಾರಾದರೂ ಡಾಕ್ಟರನ್ನು ಕೇಳುತ್ತಾರೆಯೇ?

ಔಷಧಿ ಬಂತು ಎಂದು ಕರೆ ಬಂದಾಗ ಹೆಬ್ಬೆರಳು ಇನ್ನೂ ಹಾಗೆಯೇ ಮಲಗಿತ್ತು. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚ ಸಂಗಪ್ಪನದು. ಬಿಜಾಪುರ ಕಡೆಯವನು, ಕಟ್ಟಡದ ಕೆಲಸ, ಅವನದೂ ನನ್ನಂಥದೇ ಬೆನ್ನು. ಸಿಮೆಂಟ್ ಚೀಲ ಎತ್ತುವಾಗ ಹಿಡಿದದ್ದು. "ನಿಮ್ಮದೇನ್ ಎತ್ತೂಮುಂದ ಆತ್ರಿ?" ಎಂದು ಕೇಳಿದ. ಏನೂ ಇಲ್ಲದ ಬುಟ್ಟಿ ಎಂದು ಹೇಳಲು ನಾಚಿಕೆಯಾಗಿ, "ಮೀನಿನ ಬುಟ್ಟಿ" ಅಂದೆ. ನನ್ನ ಜನಿವಾರವನ್ನೂ ನನ್ನನ್ನೂ ಅವನು ಎರಡು ಸಲ ನೋಡಿದ.

ಬೆಳಿಗ್ಗೆ ಅರಿವಳಿಕೆಯ ಡಾಕ್ಟರ್ ಬಂದರು. ಪಾರ್ಸಿ ಹೆಂಗಸು, ಎತ್ತರದ ಆಳು, ನಗು ಎಂಬುದು ಅವರ ಡ್ಯೂಟಿಯಲ್ಲಿ ಸೇರಿರಲಿಲ್ಲ. ಅವರದೊಂದು ಪಟ್ಟಿ, ಪಟ್ಟಿಯಲ್ಲಿ ಪ್ರಶ್ನೆಗಳು. ಉಬ್ಬಸ? ಇಲ್ಲ. ಪೆನಿಸಿಲಿನ್? ತೊಂದರೆಯಿಲ್ಲ. "ಇತ್ತೀಚೆಗೆ ಪಪಾಯ ತಿಂದಿದ್ದೀಯಾ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಮುಂದೆ ಬಂದರು. ಪರೀಕ್ಷೆಯಲ್ಲಿ ಮಗನಿಗೆ ಬರುವ ಪ್ರಶ್ನೆಯೇ ಬಂದ ಸಂತೋಷ ಅವರ ಮುಖದಲ್ಲಿತ್ತು. "ಯೆಸ್ ಡಾಕ್ಟರ್. ಡೈಲಿ. ತ್ರೀ ಟೈಮ್ಸ್. ತ್ರೀ ವೀಕ್ಸ್."

ಆ ಹೆಂಗಸು ಪೆನ್ನಿನ ಮುಚ್ಚಳ ಹಾಕಿದರು. ಹೊರಗೆ ಹೋಗಿ ನಮ್ಮ ಬಘೂಯಾ ಡಾಕ್ಟರನ್ನು ಕರೆತಂದರು. ವಿಷಯ ನಿಧಾನವಾಗಿ ಬಿಡಿಸಿ ಹೇಳಿದವರು ಅವರೇ. ಕೆಲವರ ಮೈ ಈ ಹಣ್ಣಿನ ಮೇಲೆ ಒಳಗೊಳಗೇ ಹಗೆ ಸಾಧಿಸುತ್ತದೆ. ಜಾಸ್ತಿ ತಿಂದಷ್ಟೂ ಹಗೆ ಬೆಳೆಯಲೂಬಹುದು. ಅಂಥವರಿಗೆ ಈ ಇಂಜೆಕ್ಷನ್ ಕೊಟ್ಟರೆ ನಿಮಿಷಗಳಲ್ಲಿ ಗಂಟಲು ಕಟ್ಟಿ, ಉಸಿರು ನಿಲ್ಲಬಹುದು.

"ಈಗ ಏನು ಮಾಡೋದು?" ಅಪ್ಪನ ಧ್ವನಿ ಸಣ್ಣದಾಗಿತ್ತು.

"ಚರ್ಮದ ಪರೀಕ್ಷೆ ಮಾಡುತ್ತೇವೆ. ದದ್ದು ಎದ್ದರೆ ಈ ಔಷಧಿ ಬೇಡ. ಬೆರಳು ಹೀಗಿರುವಾಗ ಇನ್ನು ಕಾಯುವುದಕ್ಕೂ ಆಗುವುದಿಲ್ಲ. ಈ ವಾರವೇ ಆಪರೇಷನ್."

ಅಮ್ಮ ಸ್ಟೂಲಿನ ಮೇಲೆ ಕೂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, "ನಾನೇ ತಿನ್ನಿಸಿದೆ," ಅಂದರು. ಆ ಹೊತ್ತಿಗೆ ನನ್ನ ಹತ್ತಿರ ಇದ್ದ ಅಷ್ಟೂ ಧ್ವನಿಗಳಲ್ಲಿ ಅಮ್ಮನಿಗೆ ಸಮಾಧಾನ ಹೇಳಬಲ್ಲದ್ದು ಒಂದೂ ಇರಲಿಲ್ಲ. ಅವರ ಕೈ ಹಿಡಿದುಕೊಂಡೆ, ಅಷ್ಟೇ.

ಮುಂಗೈ ಮೇಲೆ ಆ ಔಷಧಿಯ ಒಂದು ಹನಿ ಇಟ್ಟು ಸೂಜಿಯಿಂದ ಚುಚ್ಚಿದರು. ಅರ್ಧ ಗಂಟೆ ಕಾಯಬೇಕಿತ್ತು. ಅಪ್ಪ ಕನ್ನಡಕ ಏರಿಸಿ, ಜೇಬಿನಿಂದ ಪೆನ್ಸಿಲ್ ತೆಗೆದು, ದದ್ದು ಬೆಳೆದರೆ ತಿಳಿಯಲಿ ಎಂದು ಆ ಚುಕ್ಕೆಯ ಸುತ್ತ ತೆಳ್ಳಗೆ ವೃತ್ತ ಬರೆದರು. ಅಮ್ಮ ಅದನ್ನು ನೋಡಲಾರದೆ ಗೋಡೆ ನೋಡಿದರು. ಸಂಗಪ್ಪ ಮಗ್ಗುಲಾಗಿ ಮಲಗಿ ದಿಟ್ಟಿಸುತ್ತಿದ್ದ.

"ಕೆಂಪ ಆಗಾಕ್ಹತ್ತೇತೇನ್ರಿ?"

"ಇಲ್ಲಪ್ಪ," ಅಪ್ಪ.

"ಸ್ವಲ್ಪ ಆದಂಗ ಕಾಣ್ತೈತಲ್ರಿ."

"ಅದು ಮಚ್ಚೆ ಮಾರಾಯ," ನಾನು ಅಂದೆ. "ಹುಟ್ಟಿದಾಗಿನಿಂದ ಇದೆ."

ಅರ್ಧ ಗಂಟೆ ಆಯಿತು. ಪಾರ್ಸಿ ಡಾಕ್ಟರ್ ಬಂದು, ನನ್ನ ಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಬೆರಳಿನಿಂದ ಸವರಿ ನೋಡಿದರು. ವೃತ್ತದೊಳಗೆ ಏನೂ ಎದ್ದಿರಲಿಲ್ಲ.

"ಪರೀಕ್ಷೆ ಚೆನ್ನಾಗಿದೆ. ಆದರೂ ನನಗೆ ಪೂರಾ ನಂಬಿಕೆಯಿಲ್ಲ," ಎಂದರು. "ನಿನ್ನನ್ನು ಮಲಗಿಸುವುದಿಲ್ಲ. ಎಚ್ಚರವಾಗಿಯೇ ಇರಬೇಕು, ಉದ್ದಕ್ಕೂ ಮಾತಾಡುತ್ತಿರಬೇಕು. ಗಂಟಲು ಕಟ್ಟಲು ಶುರುವಾದರೆ ಮೊದಲು ಧ್ವನಿ ಬದಲಾಗುತ್ತದೆ. ನಾನು ಅದನ್ನೇ ಕೇಳುತ್ತಿರುತ್ತೇನೆ. ಧ್ವನಿ ಸ್ವಲ್ಪ ಬದಲಾದರೂ ಎಲ್ಲ ನಿಲ್ಲಿಸಿ, ನಿನಗೆ ಬೇರೆ ಇಂಜೆಕ್ಷನ್ ಚುಚ್ಚುತ್ತೇನೆ. ನಿನ್ನ ಸ್ವಂತ ಧ್ವನಿಯಲ್ಲಿ ಮಾತಾಡು, ಸಾಕು."

ಅಪ್ಪ ಗಂಟಲು ಸರಿಮಾಡಿಕೊಂಡರು.

"ಮೇಡಂ, ಒಂದು ಸಮಸ್ಯೆ ಇದೆ. ಅವನ ಸ್ವಂತ ಧ್ವನಿ ಯಾವುದು ಅಂತ ನಮಗೇ ಖಚಿತವಿಲ್ಲ."

ಅಪ್ಪ ಜೀವಮಾನದಲ್ಲಿ ಮಾಡಿದ ಒಂದೇ ತಮಾಷೆ ಅದು. ಅವರು ತಮಾಷೆಗೆ ಹೇಳಿರಲೂ ಇಲ್ಲ.

ಥಿಯೇಟರಿನಲ್ಲಿ ನನ್ನನ್ನು ಮಗ್ಗುಲಾಗಿ ಮಲಗಿಸಿ, ಮಂಡಿ ಎದೆಗೆ ಮಡಿಸಿದರು. ಎದುರಿಗೆ ಟಿವಿಯಂಥ ಪರದೆ, ಅದರಲ್ಲಿ ನನ್ನ ಬೆನ್ನುಮೂಳೆ. ಎಲ್ಲರೂ ಎಕ್ಸ್‌ರೇ ತಡೆಯುವ ಸೀಸದ ಅಂಗಿ ತೊಟ್ಟಿದ್ದರು, ನಾನೊಬ್ಬನೇ ಹಿಂದಿನಿಂದ ತೆರೆದ ಗೌನಿನಲ್ಲಿ. ಪಾರ್ಸಿ ಡಾಕ್ಟರ್ ನನ್ನ ಮುಖದ ಮುಂದೆ ಸ್ಟೂಲ್ ಹಾಕಿ ಕೂತು, ಮಣಿಕಟ್ಟು ಹಿಡಿದರು. ಇನ್ನೊಂದು ಕೈಯ ಪಕ್ಕದ ತಟ್ಟೆಯಲ್ಲಿ ಸಿರಿಂಜ್ ತಯಾರಾಗಿತ್ತು. "ಹಿಂದಿಯಲ್ಲಿ ಮಾತಾಡು, ನನಗೆ ಅರ್ಥವಾಗಬೇಕು."

ಮರಗಟ್ಟಿಸುವ ಸೂಜಿ ಮೊದಲು. ಆಮೇಲೆ ಉದ್ದದ್ದು. ನೋವಿಗಿಂತ ಒತ್ತಡ ಜಾಸ್ತಿ, ಯಾರೋ ಒಳಗಿನಿಂದ ಹೆಬ್ಬೆಟ್ಟು ಒತ್ತಿ ಜಾಗ ಹುಡುಕಿದ ಹಾಗೆ. ನಾನು ಟೆಲೆಕ್ಸ್ ಬಗ್ಗೆ ಹೇಳಿದೆ, ಮ್ಯಾನೇಜರ ಬಗ್ಗೆ ಹೇಳಿದೆ, ಬೆಂಚುಗಳ ಬಗ್ಗೆ ದೂರು ಹೇಳಿದೆ. ಪರದೆಯ ಮೇಲೆ ಸೂಜಿಯ ತುದಿ ಎರಡು ಮೂಳೆಗಳ ನಡುವೆ ಹೋಗಿ ನಿಂತದ್ದನ್ನು ನಾನೇ ನೋಡಿದೆ. ರೋಮಾಂಚನ ಅಂದರೆ ಅದು. ನನ್ನ ಒಳಗು ನನಗೇ ಕಾಣುತ್ತಿತ್ತು. ಮೊದಲು ಪರೀಕ್ಷೆಗೆಂದು ಔಷಧಿಯ ಒಂದು ಹನಿ ಒಳಗೆ ಬಿಟ್ಟರು.

"ಸರಿಯಾಗಿದೆಯಾ?" ನರ್ಸ್ ಕೇಳಿದರು.

"ಬಘೂಯಾ," ಹಿಂದಿನಿಂದ ಡಾಕ್ಟರ್.

"ಬಘೂಯಾ," ಮುಂದಿನಿಂದ ನಾನು, ತದ್ವತ್ ಅವರದೇ ಸಣ್ಣ ಧ್ವನಿಯಲ್ಲಿ. ಬೇಕೆಂದು ಮಾಡಿದ್ದಲ್ಲ. ನಾಲಗೆ ತಾನಾಗಿಯೇ ಜಾರಿತು.

ಪಾರ್ಸಿ ಡಾಕ್ಟರ್ ಸ್ಟೂಲಿನಿಂದ ಎದ್ದರು. ಸಿರಿಂಜ್ ಕೈಗೆ ಬಂದಿತ್ತು. "ನಿಲ್ಲಿಸಿ. ಧ್ವನಿ ಹೋಯಿತು."

"ಇಲ್ಲ ಮೇಡಂ, ಇಲ್ಲ, ಅದು ಇವರದ್ದು, ಡಾಕ್ಟರದ್ದು, ನಾನು ಸುಮ್ಮನೆ..."

ನನ್ನ ಬೆನ್ನಿನೊಳಗೆ ಸೂಜಿ ಸಣ್ಣಗೆ ನಡುಗಿತು. ಡಾಕ್ಟರ್ ನಗು ತಡೆಯುತ್ತಿದ್ದರು ಎಂದು ಆಮೇಲೆ ತಿಳಿಯಿತು. ಪಾರ್ಸಿ ಡಾಕ್ಟರ್ ಬಗ್ಗಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಹೇಳಿದರು, "ಇನ್ನೊಂದು ಸಲ ಹೀಗೆ ಮಾಡಿದರೆ ಸೂಜಿ ಹೊರಗೆ. ನಾಳೆ ನಿನ್ನ ಬೆನ್ನು ಕತ್ತಿಗೆ. ಗೊತ್ತಾಯಿತಾ?"

ಗೊತ್ತಾಯಿತು. ಉಳಿದ ಔಷಧಿ ಆಗ ಒಳಗೆ ಹೋಗಲು ಶುರುವಾಯಿತು. ಮಾತಾಡು, ಎಂದರು. ಯಾರನ್ನೂ ಅಣಕಿಸದೆ ಏನು ಮಾತಾಡುವುದೆಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಸ್ಟೇಷನ್‌ಗಳ ಹೆಸರು.

"ಚರ್ಚ್‌ಗೇಟ್," ಎಂದೆ. "ಮರೀನ್ ಲೈನ್ಸ್. ಚರ್ನಿ ರೋಡ್. ಗ್ರಾಂಟ್ ರೋಡ್."

ರೈಲಿನ ಸದ್ದಿಲ್ಲ, ಗಾರ್ಡಿನ ಸೀಟಿಯಿಲ್ಲ. ಸ್ಲೋ ಲೋಕಲ್, ಎಲ್ಲ ಕಡೆ ನಿಲ್ಲುವುದು. ಬಾಂಬೆ ಸೆಂಟ್ರಲ್, ಮಹಾಲಕ್ಷ್ಮಿ, ಲೋವರ್ ಪರೇಲ್. ಔಷಧಿ ಹನಿಹನಿಯಾಗಿ ಹೋಗುತ್ತಿತ್ತು. ದಾದರ್ ದಾಟಿತು. ಮಾಟುಂಗಾ ರೋಡ್ ದಾಟಿತು. ಮಾಹಿಮ್ ಎನ್ನುವಾಗ ಗಂಟಲಿನಲ್ಲಿ ಏನೋ ಅಡ್ಡ ಬಂದ ಹಾಗಾಯಿತು.

ಮೂರು ವಾರದ ಪಲ್ಯ, ಹಲ್ವ, ಎಲೆಯ ರಸ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಹೊರಗೆ ಸ್ಟೂಲಿನ ಮೇಲೆ ಸೆರಗು ಸುತ್ತುತ್ತ ಕೂತ ಅಮ್ಮ ಬಂದರು. ಹೇಳಿದರೆ ಎಲ್ಲ ನಿಲ್ಲಿಸುತ್ತಾರೆ, ಬೆನ್ನು ಕತ್ತಿಗೆ. ಹೇಳದಿದ್ದರೆ ಉಸಿರೇ ನಿಲ್ಲಬಹುದು.

"ಮೇಡಂ, ಗಂಟಲು ಒಂಥರಾ ಆಗುತ್ತಿದೆ. ಇದು ಹೆದರಿಕೆಯೋ ಅದೋ ನನಗೆ ತಿಳಿಯುತ್ತಿಲ್ಲ."

ಅವರು ಡಾಕ್ಟರಿಗೆ ಕೈ ತೋರಿಸಿದರು. ಎಲ್ಲ ನಿಂತಿತು. ಟಾರ್ಚ್ ಹಾಕಿ ಬಾಯೊಳಗೆ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು, ರಕ್ತದೊತ್ತಡ ನೋಡಿದರು, ಕೈಕಾಲು ಸವರಿದರು. ಮತ್ತೊಮ್ಮೆ ರಕ್ತದೊತ್ತಡ. ಆಮೇಲೆ ಹತ್ತಿಯನ್ನು ನೀರಿನಲ್ಲಿ ಅದ್ದಿ ನನ್ನ ತುಟಿ ಒರೆಸಿದರು.

"ಬಾಯಿ ಒಣಗಿದೆ. ಹೆದರಿಕೆ, ಅಷ್ಟೇ. ಹೇಳಿದ್ದು ಒಳ್ಳೆಯದಾಯಿತು." ಸ್ಟೂಲಿನ ಮೇಲೆ ಕೂತು ಮಣಿಕಟ್ಟು ಮತ್ತೆ ಹಿಡಿದರು. "ಮಾಹಿಮ್ ಆದ ಮೇಲೆ?"

"ಬಾಂದ್ರಾ," ಎಂದೆ.

ವಿರಾರ್ ತನಕ ಹೋಗಿ, ಅಲ್ಲಿಂದ ವಾಪಸು ಬೋರಿವಲಿಗೆ ಬರುವಷ್ಟರಲ್ಲಿ ಸೂಜಿ ಹೊರಗೆ ಬಂದಿತ್ತು.

ಮುಚ್ಚಿಡುವುದಿಲ್ಲ, ಆಮೇಲಿನ ಎರಡು ದಿನ ಬೆನ್ನು ಹಿಡಿದುಕೊಂಡ ಪರಿ ಶತ್ರುವಿಗೂ ಬೇಡ. ಸೊಂಟಕ್ಕೆ ಯಾರೋ ಹಸಿ ಸಿಮೆಂಟ್ ಹಾಕಿ ಒಣಗಿಸಿದ ಹಾಗೆ. ಈ ಚಿಕಿತ್ಸೆಗೆ ಹೋಗುವವರು ಅದಕ್ಕೆ ತಯಾರಾಗಿರಿ, ಅದು ಕೆಟ್ಟ ಲಕ್ಷಣವಲ್ಲ. ಯಾಕೆಂದರೆ ಇಂಜೆಕ್ಷನ್ ಆದ ಸಂಜೆಯೇ ನಾನು ಕೆಮ್ಮಿದೆ, ಕಾಲಿನಲ್ಲಿ ಕರೆಂಟು ಬರಲಿಲ್ಲ. ನಂಬಿಕೆಯಾಗದೆ ಮತ್ತೆ ಕೆಮ್ಮಿದೆ. ತಂತಿ ಇರಲಿಲ್ಲ. ಅಮ್ಮ ಓಡಿಬಂದು, "ಯಾಕೋ, ಗಂಟಲಾ?" ಎಂದು ಬೆಳ್ಳಗಾದರು. "ಗಂಟಲಲ್ಲ ಅಮ್ಮ, ಕಾಲು," ಎಂದು ನಗುತ್ತ ನಾನು ಕೆಮ್ಮುತ್ತಲೇ ಇದ್ದೆ.

ನನ್ನ ಡಿಸ್ಕಿನ ಜಾಗ ಈಗ ಸವೆದು ತೆಳ್ಳಗಾಗಿದೆ, ನನ್ನ ಎತ್ತರದಲ್ಲಿ ಒಂದು ದೋಸೆಯ ದಪ್ಪದಷ್ಟು ಕಡಿಮೆಯಾಗಿರಬಹುದು. ಮಳೆಗಾಲದಲ್ಲಿ ಬೆನ್ನು ಬಿಗಿಯುತ್ತದೆ, ಭಾರ ಎತ್ತುವುದಿಲ್ಲ. ಹೋದ ವರ್ಷ ತಪಾಸಣೆಗೆ ಹೋದಾಗ ಡಾಕ್ಟರು, ಹೊರದೇಶದಲ್ಲಿ ಕೆಲವರು ಡಿಸ್ಕಿನೊಳಗೆ ಜೆಲ್ ತುಂಬುವ ಪ್ರಯೋಗಕ್ಕೆ ಇಳಿದಿದ್ದಾರೆ ಎಂದು ಕಣ್ಣರಳಿಸಿ ಹೇಳಿದರು. ಕರಗಿಸುವುದು ಕಲಿತವರು ತುಂಬುವುದನ್ನೂ ಕಲಿಯುತ್ತಾರೆ. ನಾನಂತೂ ಮೊದಲ ಸಾಲಿನಲ್ಲಿ ನಿಲ್ಲುವವನು. ಅದು ಯಾವ ಹಣ್ಣಿನದು ಎಂದು ಮಾತ್ರ ನಮ್ಮ ಬಿಲ್ಡಿಂಗಿನಲ್ಲಿ ಹೇಳುವುದಿಲ್ಲ.

ಇಂಜೆಕ್ಷನ್ ಆದ ಐದನೆಯ ದಿನ ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ಹಿಮ್ಮಡಿಯ ಮೇಲೆ ನಡೆ. ಬೆರಳು ನೆಲಕ್ಕೆ ತಾಗಬಾರದು. ಬಾಗಿಲ ತನಕ ಹೋದರೆ, ಬೇಕಾದೀತೆಂದು ನಿನ್ನ ಹೆಸರಿಗೆ ಬರೆದಿಟ್ಟ ಆಪರೇಷನ್ ಹಾಳೆ ಹರಿದು ಹಾಕುತ್ತೇನೆ."

ವಾರ್ಡ್ ಪೂರ್ತಿ ನೋಡುತ್ತಿತ್ತು. ಅಪ್ಪ ನನ್ನ ಕಾಲನ್ನೇ ನೋಡುತ್ತಿದ್ದರು, ಅಮ್ಮ ಅಪ್ಪನ ಮುಖ ನೋಡುತ್ತಿದ್ದರು. ಹಿಮ್ಮಡಿಯ ಮೇಲೆ ಭಾರ ಹಾಕಿದೆ. ಬಲಗಾಲಿನ ಬೆರಳುಗಳು ಎದ್ದವು. ಎಡ ಹೆಬ್ಬೆರಳಿಗೆ ಮನಸ್ಸಿನಲ್ಲೇ ಏಳಪ್ಪ ಎಂದೆ. ನಡುಗುತ್ತ, ನಿದ್ದೆಯಿಂದ ಎದ್ದವನ ಹಾಗೆ, ಎದ್ದಿತು. ಒಂದು ಹೆಜ್ಜೆ. ಬಾತುಕೋಳಿಯ ನಡಿಗೆ ಅಂದುಕೊಳ್ಳಿ, ಆದರೂ ನಡಿಗೆ. ಆರನೆಯ ಹೆಜ್ಜೆಯಲ್ಲಿ ಬೆರಳು ಜಾರಿತು, ಮತ್ತೆ ಎತ್ತಿದೆ. ಬಾಗಿಲು ಮುಟ್ಟಿದೆ. ಹಿಂದೆ ಕಾಗದ ಹರಿದ ಸದ್ದು ಕೇಳಿತು.

ತಿರುಗಿ ಬರುವಾಗ ಅಮ್ಮ ಅಳುತ್ತಿದ್ದರು. ಅಪ್ಪ ಅವರ ಭುಜ ಹಿಡಿದುಕೊಂಡು, "ಸಾಕು, ಜನ ನೋಡ್ತಿದಾರೆ," ಎನ್ನುತ್ತ ತಾವೇ ಕನ್ನಡಕ ಒರೆಸುತ್ತಿದ್ದರು. ನನ್ನ ಮಂಚಕ್ಕೆ ಹೋಗಬೇಕಾದವನು ಸಂಗಪ್ಪನ ಮಂಚದ ಬಳಿ ನಿಂತೆ, ಅವನು ಕೈ ಚಾಚಿ ತಡೆದಿದ್ದ.

"ಖರೇ ಹೇಳ್ರಿ. ನೋವಾತ?"

"ಆಯ್ತು."

"ಅಂಜಿದ್ರಿ?"

"ಬಹಳ."

ಅವನು ನನ್ನ ಎಡಗಾಲಿನ ಬೆರಳನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ದಿಂಬಿನ ಕೆಳಗೆ ಮಡಿಸಿಟ್ಟಿದ್ದ, ಅದೇ ಇಂಜೆಕ್ಷನ್ನಿನ ಒಪ್ಪಿಗೆಯ ಕಾಗದವನ್ನು ತೆಗೆದು ನನ್ನ ಮುಂದೆ ಹಿಡಿದ. ನಾಲ್ಕು ದಿನದಿಂದ ಖಾಲಿ ಇಟ್ಟುಕೊಂಡಿದ್ದನೆಂದು ಆಗ ತಿಳಿಯಿತು.

"ಹೆಬ್ಬೆಟ್ಟ ಎಲ್ಲಿ ಒತ್ತಬೇಕ, ತೋರಸ್ರಿ."